ಗೀಳಿಗೆ ಮಾತ್ರೆ ತಗೊಂಡರೆ ಫಿಲಾಸಫಿ ಯೋಚನೆ ಮಂಕಾಗುತ್ತಾ?

ಸಂಜೆಬಿಸಿಲು:
ಎಂ.ಎ. ಫಿಲಾಸಫಿ ಓದುತ್ತಿದ್ದೇನೆ. ಈ ಜಗತ್ತು ನಿಜವಾ, ಎದುರಿಗಿರೋರಿಗೂ ನನ್ನ ಹಾಗೇ ಮನಸ್ಸಿದೆ ಅಂತ ಹೇಗೆ ಗೊತ್ತು, ಇವೆಲ್ಲ ಕ್ಲಾಸಲ್ಲಿ ಬರೋ ಪ್ರಶ್ನೆಗಳೇ. ನನಗೆ ಮಾತ್ರ ಅವು ಮನೆಗೂ ಬರುತ್ತವೆ. ಅಮ್ಮ ಬಡಿಸುವಾಗ ಅವರ ಕೈಯನ್ನೇ ನೋಡುತ್ತಾ, ಇದು ನಿಜವಾಗಿ ಇದೆಯಾ ಅಂತ ಮತ್ತೆ ಮತ್ತೆ ಖಾತ್ರಿ ಮಾಡಿಕೊಳ್ಳುತ್ತಾ ಕೂತಿರುತ್ತೇನೆ, ಅನ್ನ ಆರಿಹೋಗುತ್ತದೆ. ಡಾಕ್ಟರು ಓಸಿಡಿ, ಅಂದರೆ ಗೀಳು ಕಾಯಿಲೆ ಅಂದಿದ್ದಾರೆ, ಮಾತ್ರೆ ಬರೆದಿದ್ದಾರೆ. ಇನ್ನೂ ಶುರು ಮಾಡಿಲ್ಲ. ಕಾಯಿಲೆ ಜೊತೆ ಯೋಚಿಸೋ ಶಕ್ತಿಯೂ ಹೋದರೆ ಅಂತ ಭಯ. ದೊಡ್ಡ ಫಿಲಾಸಫರ್‌ಗಳೆಲ್ಲ ಹೀಗೇ ಇದ್ದರು ಅಲ್ವಾ?

ಹಳೇಪುಸ್ತಕ:
ಹದಿನೆಂಟನೇ ಶತಮಾನದ ಸ್ಕಾಟ್ಲೆಂಡಿನ ಫಿಲಾಸಫರ್ ಡೇವಿಡ್ ಹ್ಯೂಮ್‌ನನ್ನೇ ನೋಡಿ. ಹದಿನೆಂಟರ ವಯಸ್ಸಲ್ಲಿ ವಿಪರೀತ ಓದಿ, ಯೋಚಿಸಿ, 1729ರಲ್ಲಿ ಮನಸ್ಸು ಕುಸಿಯಿತು. 1734ರಲ್ಲಿ ಒಬ್ಬ ವೈದ್ಯರಿಗಾಗಿ ಎಲ್ಲವನ್ನೂ ವಿವರಿಸಿ ಬರೆದ ಉದ್ದನೆಯ ಪತ್ರ ಈಗಲೂ ಓದಲು ಸಿಗುತ್ತದೆ. ಅಷ್ಟರಲ್ಲಿ ಬೇರೊಬ್ಬ ಡಾಕ್ಟರು ಇದು ಓದುವವರಿಗೆ ಬರೋ ಕಾಯಿಲೆ ಅಂತ ಹೇಳಿ ಕಹಿ ಔಷಧಿ, ಮಾತ್ರೆ, ದಿನಾ ಇಷ್ಟು ವೈನ್, ಕುದುರೆ ಸವಾರಿ ಅಂತ ಬರೆದುಕೊಟ್ಟಿದ್ದರು. ಆತ ಅದನ್ನೆಲ್ಲ ಮಾಡಿದ. ಆಮೇಲೇ ಫ್ರಾನ್ಸಿಗೆ ಹೋಗಿ ತನ್ನ ದೊಡ್ಡ ಪುಸ್ತಕ ಬರೆದದ್ದು. ಅದರ ಮೊದಲ ಭಾಗದ ಕೊನೆಯಲ್ಲಿ, ನಾನು ಎಲ್ಲಿದ್ದೇನೆ, ಏನಾಗಿದ್ದೇನೆ ಅಂತ ಕೇಳಿಕೊಳ್ಳುತ್ತಾ ಕತ್ತಲಲ್ಲಿ ಮುಳುಗುತ್ತಾನೆ. ತರ್ಕ ಕೈ ಹಿಡಿಯೋದಿಲ್ಲ. ಊಟ ಮಾಡ್ತಾನೆ, ಬ್ಯಾಕ್‌ಗ್ಯಾಮನ್ ಆಡ್ತಾನೆ, ಗೆಳೆಯರ ಜೊತೆ ಹರಟುತ್ತಾನೆ, ಮೂರ್ನಾಲ್ಕು ಗಂಟೆ ಕಳೆದ ಮೇಲೆ ನೋಡಿದರೆ ಆ ಯೋಚನೆಗಳು ಸಪ್ಪಗೆ ಕಾಣುತ್ತವೆ. ಮನಸ್ಸಾದಾಗ ಮತ್ತೆ ಅದೇ ಪ್ರಶ್ನೆಗೆ ಬರುತ್ತಾನೆ. ಪ್ರಶ್ನೆ ನಿಮ್ಮಿಬ್ಬರದೂ ಒಂದೇ. ಆದರೆ ನಿಮ್ಮನ್ನು ಅದು ಊಟಕ್ಕೂ ಬಿಡ್ತಿಲ್ಲ.

ತುಂತುರು:
ನನಗೂ ಓಸಿಡಿ ಇದೆ. ಗೀಳಿಗೆ ಉತ್ತರ ಬೇಕಿರೋದಿಲ್ಲ, ಖಾತ್ರಿ ಬೇಕು. ಎಷ್ಟು ಖಾತ್ರಿ ಕೊಟ್ಟರೂ ಸಾಲದು, ಕೊಟ್ಟಷ್ಟೂ ಜಾಸ್ತಿ ಕೇಳುತ್ತದೆ. ಇಆರ್‌ಪಿ ಅನ್ನೋ ಥೆರಪಿಯಲ್ಲಿ ಕಲಿಸಿದ್ದು ಇದನ್ನೇ: ಅನುಮಾನ ಬರಲಿ, ಪರೀಕ್ಷೆ ಮಾಡೋಕೆ ಹೋಗಬೇಡಿ, ಉತ್ತರ ಇಲ್ಲದೇ ಕೂತು ಅನ್ನ ಕಲಸಿ. ಮೊದಮೊದಲು ತುಂಬಾ ಕಷ್ಟ. ಮಾತ್ರೆಯ ಪೂರ್ತಿ ಪರಿಣಾಮ ಗೊತ್ತಾಗೋಕೆ ಎಂಟರಿಂದ ಹನ್ನೆರಡು ವಾರ ಬೇಕಾಗಬಹುದು. ಕೆಲವರಿಗೆ ಭಾವನೆಗಳು ಮಂಕಾದ ಹಾಗೆ ಅನಿಸುತ್ತದೆ, ಆಗ ಡಾಕ್ಟರಿಗೆ ಹೇಳಿ, ಡೋಸ್ ಬದಲಾಯಿಸ್ತಾರೆ. ನಾನು ಈಗ ಮೊದಲಿಗಿಂತ ಚೆನ್ನಾಗಿ ಓದುತ್ತೇನೆ, ಯಾಕಂದರೆ ಒಂದು ಪುಟದಿಂದ ಮುಂದಿನ ಪುಟಕ್ಕೆ ಹೋಗೋಕಾಗುತ್ತದೆ.

ಮೂಲೆಮನೆ:
ಒಂದು ಮಾತು ಸೇರಿಸುತ್ತೇನೆ. ನಾನು ಆಟಿಸ್ಟಿಕ್, ಅಂದರೆ ಹುಟ್ಟಿನಿಂದಲೇ ನನ್ನ ಮಿದುಳು ಬೇರೆ ಥರ ಕೆಲಸ ಮಾಡುತ್ತದೆ. ದೊಡ್ಡ ಫಿಲಾಸಫರ್‌ಗಳೆಲ್ಲ ಹೀಗೇ ಇದ್ದರು ಅನ್ನುವಾಗ ಆಟಿಸಂ ಮತ್ತು ಗೀಳನ್ನು ಒಂದೇ ಗಂಟಿಗೆ ಕಟ್ಟಬೇಡಿ ದಯವಿಟ್ಟು. ಫಿಲಾಸಫರ್ ವಿಟ್‌ಗೆನ್‌ಸ್ಟೈನ್ ತನ್ನ ಅಕ್ಕನಿಗೆ ವಿಯೆನ್ನಾದಲ್ಲಿ ಮನೆ ಕಟ್ಟಿಸುವಾಗ, ಎಲ್ಲಾ ಮುಗಿಯುವ ಹೊತ್ತಿಗೆ ಒಂದು ಕೋಣೆಯ ಸೂರು ಮೂರು ಸೆಂಟಿಮೀಟರ್ ಮೇಲೆ ಹೋಗಬೇಕು ಅಂತ ಕೆಲಸ ಮತ್ತೆ ಮಾಡಿಸಿದ. ಅದನ್ನೆಲ್ಲ ನೋಡಿ ಅವನಿಗೆ ಆಟಿಸಂ ಇತ್ತು ಅಂತ ಈಗ ಕೆಲವರು ಬರೆಯುತ್ತಾರೆ. ಬದುಕಿದ್ದಾಗ ಯಾರೂ ಹಾಗೆ ಹೇಳಿರಲಿಲ್ಲ, ಸತ್ತವರಿಗೆ ಡಯಾಗ್ನೋಸಿಸ್ ಕೊಡೋದು ನನಗೆ ಸರಿ ಕಾಣೋದಿಲ್ಲ. ಆದರೆ ಮೂರು ಸೆಂಟಿಮೀಟರ್ ಕಣ್ಣಿಗೆ ಚುಚ್ಚೋದು ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ನನಗೆ ಔಷಧಿ ಬೇಡ, ಜನ ಅರ್ಥ ಮಾಡಿಕೊಂಡರೆ ಸಾಕು. ನಿಮ್ಮದು ನೋವು. ನೋವಿಗೆ ಔಷಧಿ ಬೇಕು.

ಸಂಜೆಬಿಸಿಲು:
ಎಲ್ಲರಿಗೂ ಥ್ಯಾಂಕ್ಸ್. ಇಆರ್‌ಪಿ ಬಗ್ಗೆ ಡಾಕ್ಟರು ಏನೂ ಹೇಳಿರಲಿಲ್ಲ. ನಮ್ಮ ಊರಲ್ಲಿ ಮಾಡೋರು ಸಿಗ್ತಾರಾ?

ತುಂತುರು:
ಮೊದಲು ನಿಮ್ಮ ಡಾಕ್ಟರನ್ನೇ ನೇರವಾಗಿ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.