ಐದು ವರ್ಷ ತುಂಬೋ ಮುಂಚೆ ರಾಜೀನಾಮೆ ಕೇಳ್ತಿದ್ದಾರೆ, ಏನು ಮಾಡ್ಲಿ?

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸಲ್ಲಿ ಟೈಲರ್ ನಾನು, ಕಾಲರ್ ಕೂರಿಸೋ ಕೆಲಸ. ನಾಲ್ಕೂವರೆ ವರ್ಷ ಆಯ್ತು. ಮೊನ್ನೆ ಎಚ್‌ಆರ್ ಮೇಡಂ ಕರೆದು, ರಾಜೀನಾಮೆ ಬರೆದುಕೊಡು, ತಿಂಗಳು ಬಿಟ್ಟು ಹೊಸ ಟೋಕನ್ ನಂಬರಲ್ಲಿ ಸೇರಿಸ್ಕೋತೀವಿ ಅಂದ್ರು. ಮಗಳ ಫೀಸ್ ಬಾಕಿ ಇದೆ, ಪಿಎಫ್ ದುಡ್ಡಾದ್ರೂ ಕೈಗೆ ಸಿಗುತ್ತಲ್ಲ ಅಂತ ಆಸೆ. ಬರೆದುಕೊಡ್ಲಾ?

ಉತ್ತರ: ಬೇಡಿ ಅಕ್ಕ. ಐದು ವರ್ಷ ತುಂಬಿದ್ರೆ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಕಂಪನಿ ಕೊಡೋ ಇಡಿಗಂಟು, ಕೊಡಬೇಕಾಗುತ್ತೆ, ಅದಕ್ಕೇ ಈ ಅವಸರ. ಬೇಸಿಕ್, ಡಿಎ ಸೇರಿ 13,000 ಇದ್ರೆ ಅದನ್ನ 26ರಿಂದ ಭಾಗಿಸಿ, ಒಂದು ವರ್ಷಕ್ಕೆ 15 ದಿನದ್ದು 7,500. ಐದು ವರ್ಷಕ್ಕೆ 37,500. ಒಂದು ಲೈನಿನ 40 ಜನರನ್ನ ಹೀಗೆ ಕಳಿಸಿದ್ರೆ ಕಂಪನಿಗೆ ಉಳಿಯೋದು 15 ಲಕ್ಷ!

ಉತ್ತರ: ನಾನೂ ಬರೆದುಕೊಟ್ಟವಳೇ. ಹೊಸ ಟೋಕನ್ ಕೊಟ್ರು, ಸಂಬಳ ಮಾತ್ರ ಹೊಸಬರದ್ದು. ಗಂಟೆ ಟಾರ್ಗೆಟ್ ಒಂದು ಪೀಸೂ ಕಮ್ಮಿ ಆಗ್ಲಿಲ್ಲ.

ಪ್ರಶ್ನೆ ಕೇಳಿದವಳು: ಬರೆಯಲ್ಲ. ಪಕ್ಕದ ಮಿಷನ್ನವಳನ್ನೂ ಕರೆದಿದ್ದಾರಂತೆ. ನಾಳೆ ಊಟದ ಹೊತ್ತಲ್ಲಿ ಅವಳಿಗೂ ಹೇಳ್ತೀನಿ.