ಪದ ಬೇಕಿದೆ: ‘ಪಿಸ್ಟನ್ ಒತ್ತಡ’ ಸರಿಯೇ, ‘ಪಿಸ್ಟನ್ ಬಲ’ ಸರಿಯೇ?

ಗೆಳೆಯರೇ, ಎಂಜಿನ್ ಪಾಠದ ಗೋಡೆಪಟವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ತಲೆಬರಹ ‘ಪಿಸ್ಟನ್ ಫೋರ್ಸ್’. ಕೆಳಗೆ ಅದನ್ನು ಏರಿಳಿಸುವ ಅಂಶಗಳು: ಅನಿಲದ ಒತ್ತಡ, ಬೋರ್ (ಸಿಲಿಂಡರ್‌ನ ಒಳವ್ಯಾಸ), ಕಂಪ್ರೆಶನ್ ರೇಶಿಯೋ, ವೇಗ. ಕರಡಿನಲ್ಲಿ ‘ಪಿಸ್ಟನ್ ಒತ್ತಡ’ ಅಂತಿದೆ. ಇರಲಾ?

ಉತ್ತರ:
ಬೇಡ. ಒತ್ತಡ ಅನಿಲದ್ದು. ಅದನ್ನು ಪಿಸ್ಟನ್ ತಲೆಯ ವಿಸ್ತೀರ್ಣದಿಂದ ಗುಣಿಸಿದರೆ ಬಲ. ಬೋರ್ 80 ಮಿ.ಮೀ., ಒತ್ತಡ 60 ಬಾರ್ ಇದ್ದರೆ ಬಲ ಸುಮಾರು 30 ಕಿಲೋನ್ಯೂಟನ್, ಮೂರು ಟನ್ ಭಾರ ಹೇರಿದಷ್ಟು. ಅದೇ ಒತ್ತಡದಲ್ಲಿ ಬೋರ್ ಶೇ. 10 ಹಿಗ್ಗಿಸಿದರೆ ಬಲ ಶೇ. 21 ಏರುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ ಇದನ್ನು ಹೇಳುವುದು ಹೇಗೆ? ‘ಪಿಸ್ಟನ್ ಬಲ’ ಹಾಕಿ.

ಉತ್ತರ:
‘ಬಲ’ ಸಂಸ್ಕೃತ, ‘ಪಿಸ್ಟನ್’ ಪರದೇಶದ್ದು. ಇದರಲ್ಲಿ ಕನ್ನಡ ಎಲ್ಲಿದೆ? ‘ಆಡುಬೆಣೆಯ ನೂಕು’ ಅನ್ನಿ. ಮೇಲೆ ಕೆಳಗೆ ಆಡುವ ಬೆಣೆ, ಕೇಳಿದ ಕೂಡಲೇ ಕಣ್ಣಿಗೆ ಕಟ್ಟುತ್ತದೆ.

ಉತ್ತರ:
ಪರದೇಶದ್ದು ಅನ್ನುವ ಮುನ್ನ ಬೇರು ನೋಡಿ. ‘ಪಿಸ್ಟನ್’ ಇಟಾಲಿಯನ್‌ನಿಂದ ಫ್ರೆಂಚ್ ದಾಟಿ ಬಂದದ್ದು. ಅದರ ಹಿಂದೆ ಕುಟ್ಟು, ಅರೆ ಎಂಬ ಅರ್ಥದ ಲ್ಯಾಟಿನ್ ಧಾತು ಇದೆ. ಸಂಸ್ಕೃತದ ‘ಪಿಷ್ಟ’ವೂ ಅದೇ ಬಳಗದ್ದು. ಪಿಷ್ಟ ನಮಗೆ ಒಗ್ಗಿದೆ ಅಲ್ವಾ?

ಉತ್ತರ:
ಪಿಷ್ಟವೂ ಎರವಲೇ. ನಂಟು ತೋರಿಸಿದ ಮಾತ್ರಕ್ಕೆ ಪದ ಕನ್ನಡವಾಗುವುದಿಲ್ಲ.

ಉತ್ತರ:
ಸುಮ್ನೆ ದಾರಿ ತಪ್ಪುತ್ತಿದ್ದೀರಿ. ‘ನೂಕು’ ಬೇರೆ ಕೆಲಸಕ್ಕೆ ಬೇಕು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾದಾಗ ಪಿಸ್ಟನ್ ಸಿಲಿಂಡರ್ ಗೋಡೆಯನ್ನು ಒತ್ತುತ್ತದೆಯಲ್ಲ, ಅದು ‘ಪಕ್ಕದ ನೂಕು’. ಇನ್ನು ‘ವೇಗ’ ಅಂತ ಬರೆದು ಬಿಟ್ಟರೆ ಸಾಲದು. ಎಂಜಿನ್ ವೇಗ ಎರಡು ಪಟ್ಟಾದರೆ ಪಿಸ್ಟನ್‌ನ ಜಡತ್ವ ಬಲ, ಅಂದರೆ ಚಲನೆಯ ಬದಲಾವಣೆಗೆ ಅದರ ತೂಕ ಒಡ್ಡುವ ಅಡ್ಡಿ, ನಾಲ್ಕು ಪಟ್ಟು. ಪಿಸ್ಟನ್ ಕೆಳಗಿಳಿಯಲು ಶುರುಮಾಡಿದಾಗ ಜಡತ್ವ ಬಲ ಅನಿಲದ ಬಲದಿಂದ ಕಳೆಯುತ್ತದೆ, ಆ ಇಳಿತದ ಕೊನೆಯಲ್ಲಿ ಕೂಡುತ್ತದೆ. ಅನಿಲ ಬಲ, ಜಡತ್ವ ಬಲ, ಎರಡೂ ಸೇರಿ ಪಿಸ್ಟನ್ ಬಲ. ಲೆಕ್ಕ ಹಾಕುವ ಹುಡುಗರಿಗೆ ಮೂರು ಕಡೆಯೂ ಒಂದೇ ‘ಬಲ’ ಕಾಣಬೇಕು.

ಮತ್ತೆ ನಾನೇ:
‘ಪಿಸ್ಟನ್ ಬಲ’ ಹಾಕಿದೆ. ‘ಆಡುಬೆಣೆ’ ಚೆನ್ನಾಗಿದೆ, ಆದರೆ ಬಿಡಿಭಾಗ ಕೇಳುವಾಗ ಯಾರೂ ಹಾಗನ್ನುವುದಿಲ್ಲ. ‘ಕಂಪ್ರೆಶನ್ ರೇಶಿಯೋ’ ಉಳಿದಿದೆ. ‘ಸಂಪೀಡನ ಅನುಪಾತ’ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ‘ಅದುಮು ಪಾಲು’ ಆಗುತ್ತದಾ?

ಉತ್ತರ:
ಆಗುವುದಿಲ್ಲ. ಪಾಲು ಅಂದರೆ ಭಾಗ. ಇಲ್ಲಿರುವುದು ಪಿಸ್ಟನ್ ತಳದಲ್ಲಿದ್ದಾಗಿನ ಜಾಗಕ್ಕೂ ಮೇಲಿದ್ದಾಗಿನ ಜಾಗಕ್ಕೂ ಇರುವ ಹೋಲಿಕೆ. ‘ಅದುಮಿನ ಅನುಪಾತ’ ಅಂತ ಬರೆದು ಅಚ್ಚಿಗೆ ಕಳಿಸಿ.