ಗುಂಪುಗಳಿಗೆ ಕಳಿಸಿದ ಕೂಡಲೇ ಮೌನ: ನೀವು ಏನು ಮಾಡುತ್ತೀರಿ?

ಗೌರಿಬಿದನೂರಿನಿಂದ:
ಎಲ್ಲರಿಗೂ ನಮಸ್ಕಾರ. ಬಿ.ಎ. ವಿದ್ಯಾರ್ಥಿಗಳಿಗೆ ವಾರಕ್ಕೆ ಎರಡು ಸಂಜೆ ಜೂಮ್‌ನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. 42 ಮಂದಿಯನ್ನು 7 ಬ್ರೇಕ್‌ಔಟ್ ರೂಮ್‌ಗಳಿಗೆ (ಗುಂಪು ಚರ್ಚೆಗೆ ಜೂಮ್‌ನೊಳಗೇ ತೆರೆಯುವ ಪ್ರತ್ಯೇಕ ಕೋಣೆಗಳು) ಹಂಚಿ 15 ನಿಮಿಷ ಕೊಡುತ್ತೇನೆ. ಯಾವ ರೂಮಿಗೆ ಹೋದರೂ ಕ್ಯಾಮೆರಾ, ಮೈಕ್ ಎರಡೂ ಬಂದ್. ನಾನು ಬಂದದ್ದು ಕಂಡ ಮೇಲೆ ಒಬ್ಬರು, “ಮೇಡಂ, ಏನು ಮಾಡಬೇಕು?” ಎನ್ನುತ್ತಾರೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ತುಮಕೂರಿನಿಂದ:
ಮೇಡಂ, ಮಕ್ಕಳು ನಿಜವನ್ನೇ ಕೇಳುತ್ತಿದ್ದಾರೆ. ಮುಖ್ಯ ತರಗತಿಯಲ್ಲಿ ನೀವು ಪರದೆಯ ಮೇಲೆ ತೋರಿಸಿದ ಪ್ರಶ್ನೆ ರೂಮಿನೊಳಗೆ ಅವರಿಗೆ ಕಾಣುವುದಿಲ್ಲ. ಇದು ನನಗೆ ತಿಳಿಯಲು ಒಂದು ಸೆಮಿಸ್ಟರ್ ಬೇಕಾಯಿತು. ಈಗ ಪ್ರಶ್ನೆಯನ್ನು ಮೊದಲೇ ವಾಟ್ಸ್ಆ್ಯಪ್‌ಗೆ ಹಾಕಿ, ಒಬ್ಬರಿಂದ ಗಟ್ಟಿಯಾಗಿ ಓದಿಸಿ, ಆಮೇಲೆ ರೂಮು ತೆರೆಯುತ್ತೇನೆ.

ಪ್ರಶ್ನೆಯೂ ಮುಖ್ಯ. “ಅಂತರ್ಜಲ ಸಮಸ್ಯೆಯನ್ನು ಚರ್ಚಿಸಿ” ಎಂದರೆ ಯಾರೂ ಬಾಯಿ ಬಿಡುವುದಿಲ್ಲ. “ನಿಮ್ಮ ನಾಲ್ವರ ಮನೆಯ ಕೊಳವೆಬಾವಿಗಳು ಎಷ್ಟೆಷ್ಟು ಅಡಿ? ಅತಿ ಆಳದ್ದಕ್ಕೆ ಖರ್ಚು ಎಷ್ಟಾಯಿತು?” ಎಂದು ಕೇಳಿ ನೋಡಿ. ವರ್ಷವಿಡೀ ಮಾತಾಡದ ಪಾವಗಡದ ಹುಡುಗನೊಬ್ಬ ಅಂದು ಮೈಕ್ ತೆರೆದಿಟ್ಟುಕೊಂಡೇ ಅಂಗಳಕ್ಕೆ ಓಡಿದ. “ಅಪ್ಪಾ, ನಮ್ಮ ಬೋರು ಎಷ್ಟು ಅಡಿ?” ಹಸುವಿನ ಕೂಗಿನ ನಡುವೆ ಅಪ್ಪನ ಉತ್ತರ: “ಎಂಟುನೂರು ಕೊರೆಸಿದೆವು, ಬಂದದ್ದು ಒಂದೂವರೆ ಇಂಚು.” ಉಳಿದ ಮೂವರೂ ತಮ್ಮ ತಮ್ಮ ಮನೆಯವರನ್ನು ಕೇಳತೊಡಗಿದರು. ಆ ಗುಂಪನ್ನು ವಾಪಸ್ ಕರೆಯಲು ನನಗೇ ಮನಸ್ಸಾಗಲಿಲ್ಲ.

ಒಂದು ರೂಮಿಗೆ ಆರು ಮಂದಿ ಬೇಡ. ನಾಲ್ವರಿದ್ದರೆ ಯಾರೂ ಮರೆಯಲ್ಲಿ ಕೂರಲಾಗದು.

ಕೋಲಾರದಿಂದ:
ಮೇಲಿನ ಮಾತು ಒಪ್ಪುತ್ತೇನೆ. ಆದರೆ ಪ್ರತಿ ತರಗತಿಯಲ್ಲೂ ಜೂಮ್ ತಾನಾಗಿ ಹಂಚಲಿ ಎಂದು ಬಿಡಬೇಡಿ. ಒಂದು ತಿಂಗಳು ಅದೇ ನಾಲ್ವರು ಜೊತೆಗಿರಲಿ. ಸಂಕೋಚ ಕಳೆಯಲು ಅಷ್ಟು ದಿನ ಬೇಕು. ಸಿಗ್ನಲ್ ಕೊರತೆ ಇರುವ ಇಬ್ಬರನ್ನು ಒಂದೇ ರೂಮಿಗೆ ಹಾಕಬೇಡಿ, ಇಬ್ಬರೂ ಬಿದ್ದುಹೋದರೆ ಅಲ್ಲಿಗೆ ಚರ್ಚೆ ಮುಗಿಯಿತು. ಕ್ಯಾಮೆರಾಕ್ಕೆ ಒತ್ತಾಯ ಖಂಡಿತ ಬೇಡ. ಒಂದೇ ಕೋಣೆಯಲ್ಲಿ ಇಡೀ ಮನೆ ಇರುತ್ತದೆ.

ನಾನು ರೂಮುಗಳಿಗೆ ಹೋಗುವುದೇ ಕಡಿಮೆ. ಒಂದು ಗೂಗಲ್ ಡಾಕ್‌ನಲ್ಲಿ ಗುಂಪಿಗೊಂದು ಸಾಲು. ಬರೆಯುವ ಸರದಿ ವಾರವಾರ ಬದಲಾಗುತ್ತದೆ. ನಾಲ್ಕು ನಿಮಿಷವಾದರೂ ಖಾಲಿ ಇರುವ ಸಾಲಿನವರ ಬಳಿಗೆ ಮಾತ್ರ ಹೋಗುತ್ತೇನೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆಯಲ್ಲ, ಅದರ ಲಾಭ-ನಷ್ಟ ಬರೆಯಲು ಹೇಳಿದ್ದೆ. ಒಂದು ಗುಂಪು “ಬತ್ತಿದ ಬೋರಿಗೆ ನೀರು ಬಂತು” ಎಂದು ಬರೆಯಿತು. ಕೆಳಗಿನ ಸಾಲಿನವರು ಅದನ್ನು ಓದಿ, “ಮೂರನೇ ಹಂತದ ಶುದ್ಧೀಕರಣ ಏಕಿಲ್ಲ?” ಎಂದು ಬರೆದರು. ಮುಖ್ಯ ತರಗತಿಗೆ ಮರಳುವ ಮೊದಲೇ ವಾದ ಕಾವೇರಿತ್ತು.

ಚಿಂತಾಮಣಿಯಿಂದ:
15 ನಿಮಿಷ ಹೆಚ್ಚಾಯಿತು. 7 ನಿಮಿಷದಿಂದ ಶುರು ಮಾಡಿ. “ಇನ್ನು 2 ನಿಮಿಷ” ಎಂಬ ಸಂದೇಶವನ್ನು ಎಲ್ಲ ರೂಮುಗಳಿಗೂ ಒಟ್ಟಿಗೇ ಕಳಿಸಬಹುದು. ಉಚಿತ ಖಾತೆಯಾದರೆ ಇಡೀ ಸಭೆಗೆ 40 ನಿಮಿಷ ಮಾತ್ರ. ಹೋಗಿ ಬರುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗೌರಿಬಿದನೂರಿನಿಂದ:
ಎಲ್ಲರಿಗೂ ವಂದನೆಗಳು. ಗುರುವಾರಕ್ಕೆ ಹೀಗೊಂದು ಪ್ರಶ್ನೆ ಬರೆದಿದ್ದೇನೆ: “ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಇಂದು ರೇಷ್ಮೆಗೂಡು ಕಿಲೋಗೆ ಎಷ್ಟು? ಆ ದರಕ್ಕೆ ನಿಮ್ಮೂರಿನ ಬೆಳೆಗಾರರಿಗೆ ಏನು ಉಳಿಯುತ್ತದೆ?” ನಾಲ್ವರಿಗೆ 7 ನಿಮಿಷ ಸಾಕೇ?